ಗುಡ್ಡದ ಮೇಲೆ ಆಡಬಾರದ ಮಾತು

ಆ ಗುಡ್ಡದ ತುದಿಗೆ ಬಂದು ನಿಂತವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಅಬ್ಬಾ, ಎಷ್ಟು ಶಾಂತವಾಗಿದೆ!" ಕಂಬಿಗಳ ಮೇಲೆ ಮೊಣಕೈ ಊರಿ ಕೆಳಗೆ ನೋಡಿದರೆ ಹಳೆಯ ನಗರ ಪೂರ್ತಿ ಕಾಣುತ್ತದೆ. ಸುತ್ತ ಅಲ್ಲಲ್ಲಿ ಕುಸಿದ ಕೋಟೆಗೋಡೆ, ಒಳಗೆ ಒತ್ತೊತ್ತಾಗಿ ಕೂತ ಹೆಂಚಿನ ಮನೆಗಳು, ತಲೆ ಹಾರಿಹೋದ ಗೋಪುರಗಳು, ಮಧ್ಯೆ ತನ್ನ ಪಾಡಿಗೆ ಹರಿಯುವ ಹೊಳೆ. ಬಂದವರು ಫೋಟೊ ತೆಗೆದುಕೊಳ್ಳುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಇಲ್ಲೇ ಒಂದು ಮನೆ ಮಾಡಿಕೊಂಡು ಇದ್ದುಬಿಡೋಣ ಅನ್ನುತ್ತಾರೆ. ಶಾಂತವಂತೆ! ಆ ನಗರದ ಮೇಲೆ ದಂಡೆತ್ತಿ ಬಂದವರೆಲ್ಲ ಮೊದಲು ಹತ್ತಿದ್ದು ಇದೇ ಗುಡ್ಡವನ್ನು. ಇಲ್ಲಿಂದಲೇ ಕಲ್ಲುಗುಂಡು ಬೀಸಿದರು, ಇಲ್ಲಿಂದಲೇ ಬೆಂಕಿಬಾಣ ಬಿಟ್ಟರು. ಗೋಪುರಗಳ ತಲೆ ತಾನಾಗಿ ಹಾರಿದ್ದಲ್ಲ. ಊರನ್ನು ಕಣ್ತುಂಬ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಊರನ್ನು ಹಾಳು ಮಾಡುವುದಕ್ಕೂ ಇಲ್ಲ.

ಈಗ ಆ ಗುಡ್ಡದಿಂದ ಮತ್ತೆ ಕಲ್ಲು ಇಳಿಯುತ್ತಿತ್ತು, ಆದರೆ ಕಟ್ಟುವುದಕ್ಕೆ. ಕುಸಿದ ಗೋಡೆಯ ಬಣ್ಣಕ್ಕೆ ಹೊಂದುವ ಕಲ್ಲು ಸಿಗುವುದು ಗುಡ್ಡದ ಬೆನ್ನಿನಲ್ಲಿ ಮಾತ್ರ. ಅಲ್ಲಿ ಕಡಿದು, ಚೌಕ ಮಾಡಿ, ಟ್ರಾಲಿಗೆ ಏರಿಸಿ, ಇಳಿಜಾರಿನ ಹಳಿಯ ಮೇಲೆ ಕೆಳಕ್ಕೆ ಇಳಿಸಬೇಕು. ಇಂಜಿನ್ನಿನ ಕೆಲಸ ಖಾಲಿ ಟ್ರಾಲಿಯನ್ನು ಮೇಲಕ್ಕೆ ಎಳೆಯುವುದಷ್ಟೇ. ತುಂಬಿದ ಟ್ರಾಲಿಯನ್ನು ಎಳೆಯುವ ತಾಕತ್ತು ಅದಕ್ಕಿಲ್ಲ. ಇಳಿಯುವಾಗ ಕಲ್ಲು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅದನ್ನು ತಡೆಯುವುದು ಉಕ್ಕಿನ ಹಗ್ಗ ಸುತ್ತಿದ ಉರುಳೆ, ಉರುಳೆಯನ್ನು ತಡೆಯುವುದು ಬ್ರೇಕು, ಬ್ರೇಕನ್ನು ಒತ್ತಿ ಹಿಡಿಯುವುದು ಆಳುದ್ದದ ಒಂದು ಸರಳು. ಆ ಸರಳನ್ನು ಹಿಡಿಯುತ್ತಿದ್ದವಳು ಅಕ್ಕ.

ಅವಳ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹಳಿಯ ಕೆಳತುದಿಯಲ್ಲಿ ಕಲ್ಲು ಇಳಿಸಿಕೊಳ್ಳುತ್ತಿದ್ದವನು ಅವಳ ಒಡಹುಟ್ಟಿದ ತಮ್ಮ. ಅವನು ಅಕ್ಕಾ ಅಕ್ಕಾ ಅಂತ ಕೂಗುವುದನ್ನು ಕೇಳಿ ಕೇಳಿ, ಮೇಸ್ತ್ರಿಯಿಂದ ಹಿಡಿದು ಚಹಾದಂಗಡಿಯವನವರೆಗೆ ಎಲ್ಲರಿಗೂ ಅವಳು ಅಕ್ಕನಾದಳು. ಅವಳು ಎಲ್ಲರ ಅಕ್ಕನಾದ ಮೇಲೆ ಅವಳ ಗಂಡ ಎಲ್ಲರಿಗೂ ಭಾವ ಆಗಲೇಬೇಕಲ್ಲ, ಆದ. ವಯಸ್ಸಿನಲ್ಲಿ ಅವನ ಅಪ್ಪನಷ್ಟಿದ್ದ ಮೇಸ್ತ್ರಿ ಕೂಡ ಅವನನ್ನು ಬೈಯುವಾಗ "ಏನ್ರೀ ಭಾವ" ಅಂತಲೇ ಶುರು ಮಾಡುತ್ತಿದ್ದ. ಭಾವನ ಜಾಗ ಇಳಿಜಾರಿನ ನಡುವೆ, ಹಳಿ ತುಸು ಬಾಗುವಲ್ಲಿ ಕಟ್ಟಿದ ಕಟ್ಟೆಯ ಮೇಲೆ. ಟ್ರಾಲಿ ನೆಟ್ಟಗೆ ಬರುತ್ತಿದೆಯೋ ಇಲ್ಲವೋ ನೋಡಿ ಮೇಲಕ್ಕೆ ಕೂಗಿ ಹೇಳುವುದು ಅವನ ಕೆಲಸ.

ಮೂವರಿಗೂ ಬಾಯಿಗಿಂತ ಕೈ ಮುಂದು. ಸರಳಿಗೆ ಜೋತುಬಿದ್ದು ಫೋಟೊ ತೆಗೆಸಿಕೊಳ್ಳಲು ಬಂದ ಒಬ್ಬ ಪ್ರವಾಸಿಗೆ ಅಕ್ಕ ಕಪಾಳಕ್ಕೆ ಬಾರಿಸಿದ್ದಳು. ಅವನು ಬೆಟ್ಟ ಇಳಿಯುವವರೆಗೂ ಕೆನ್ನೆಯಿಂದ ಕೈ ತೆಗೆದಿರಲಿಲ್ಲ. ಶಾಲೆಯಲ್ಲಿ ತಮ್ಮ ಪಾಸಾದ ದಿನ ಅವಳು ಖುಷಿಗೆ ಅವನ ಬೆನ್ನಿಗೆ ಗುದ್ದಿದ ಗುದ್ದಿಗೆ ಅವನು ರಾತ್ರಿಯೆಲ್ಲ ಬೋರಲು ಮಲಗಿದ್ದ. ಅವರ ಮನೆಯಲ್ಲಿ ಮುತ್ತು ಕೊಟ್ಟು ಅಭ್ಯಾಸ ಇಲ್ಲ, ಗುದ್ದಿ ಅಭ್ಯಾಸ. ಅಂಥ ಮನೆಗೆ ಅಂಥವನೇ ಅಳಿಯ ಸಿಕ್ಕಿದ್ದ. ಆದರೆ ಒಂದು ವಿಷಯದಲ್ಲಿ ಅಕ್ಕ ಗೆರೆ ದಾಟಿದವಳಲ್ಲ. ಗಂಡನನ್ನು ಅವಳು ಒಂದು ದಿನವೂ ಏಕವಚನದಲ್ಲಿ ಕರೆದಿರಲಿಲ್ಲ. ಸಿಟ್ಟು ನೆತ್ತಿಗೇರಿದಾಗ ಪೊರಕೆ ಎತ್ತಿದ್ದುಂಟು, ಆದರೆ ಪೊರಕೆ ಎತ್ತಿಕೊಂಡೇ "ಇಲ್ಲಿ ಬನ್ನಿ ರೀ" ಅನ್ನುತ್ತಿದ್ದಳು.

ಹಳಿಯ ಮೇಲೆ ಮಾತ್ರ ಮರ್ಯಾದೆಗೆ ಜಾಗ ಇರಲಿಲ್ಲ. ಅಲ್ಲಿ ಇದ್ದದ್ದು ಎರಡೇ ಮಾತು. 'ಹಿಡಿ' ಅಂದರೆ ಸರಳು ಒತ್ತಬೇಕು, ಟ್ರಾಲಿ ನಿಲ್ಲಬೇಕು. 'ಬಿಡು' ಅಂದರೆ ಸರಳು ಸಡಿಲಿಸಬೇಕು, ಟ್ರಾಲಿ ಇಳಿಯಬೇಕು. ಮೇಸ್ತ್ರಿಗೂ 'ಬಿಡು', ಆಳಿಗೂ 'ಬಿಡು'. ಯಾರಾದರೂ ಮರ್ಯಾದೆ ಕೊಡಲು ಹೋಗಿ 'ಬಿಡಿ' ಅಂದರೆ ಗಾಳಿಯಲ್ಲಿ ಅದು ಮೇಲಕ್ಕೆ ಬರುವಷ್ಟರಲ್ಲಿ 'ಹಿಡಿ' ಆಗಿಬಿಡುತ್ತಿತ್ತು. ಹಾಗಾಗಿ 'ಬಿಡು' ಅನ್ನುವುದು ಆ ಗುಡ್ಡದಲ್ಲಿ ಹಳಿಗೆ ಮೀಸಲು. ಬೇರೆ ಯಾವುದಕ್ಕೂ ಅದನ್ನು ಆಡಬಾರದು. 'ಹೋಗ್ಲಿ ಬಿಡು' ಅನ್ನಬೇಕಾದ ಕಡೆ ಬರೀ 'ಹೋಗ್ಲಿ' ಅನ್ನುತ್ತಿದ್ದರು, 'ಅವನನ್ನ ಬಿಡು' ಅನ್ನಬೇಕಾದ ಕಡೆ 'ಕೈ ತೆಗಿ' ಅನ್ನುತ್ತಿದ್ದರು. ಹೊಸದಾಗಿ ಬಂದ ಆಳೊಬ್ಬ ಕಟ್ಟೆಯ ಹತ್ತಿರ ನಿಂತು "ಭಾವ, ಸಂಜೆ ಬಿಡುವಿದೆಯಾ?" ಅಂತ ಕೂಗಿ ಕೇಳಿದ್ದಕ್ಕೆ ಟ್ರಾಲಿ ಮೊಳದುದ್ದ ಜಾರಿತ್ತು, ಭಾವ ಅವನನ್ನು ಅಟ್ಟಿಸಿಕೊಂಡು ಹೋಗಿ ಒದ್ದಿದ್ದ. ಅಂದಿನಿಂದ ಆ ಗುಡ್ಡದಲ್ಲಿ ಯಾರಿಗೂ ಬಿಡುವು ಇಲ್ಲ, ಎಲ್ಲರಿಗೂ ಪುರಸೊತ್ತು.

ಸರಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಹೇಳುವ ಮಾತೂ ನಿಗದಿಯಾಗಿತ್ತು: ನಾನು 'ಬಿಡು' ಅನ್ನೋವರೆಗೆ ಜಪ್ಪಯ್ಯ ಅಂದ್ರೂ ಬಿಡಬೇಡ. ಸರಳು ಹಿಡಿದವನ ಕಿವಿಗೆ ಬಾಯಿಟ್ಟು ಇಷ್ಟು ಹೇಳದೆ ಯಾರೂ ಅಲ್ಲಿಂದ ಕದಲುತ್ತಿರಲಿಲ್ಲ.

ಭಾವನಿಗೂ ತಮ್ಮನಿಗೂ ಕೆಟ್ಟದ್ದು ಒಂದು ಏಟಿನಿಂದ. ಒಂದು ರಜೆಯ ದಿನ ಪ್ರವಾಸಿಗಳು ಜಾಸ್ತಿ ಇದ್ದರು. ತಮ್ಮನಿಗೆ ಹುಮ್ಮಸ್ಸು ಬಂದು, ಅರ್ಧ ದಾರಿಯಲ್ಲಿ ನಿಂತಿದ್ದ ತುಂಬಿದ ಟ್ರಾಲಿಯ ಮುಂದೆ ಹಳಿಗಳ ನಡುವೆ ಕೈಚಾಚಿ ನಿಂತು, ಇಡೀ ಕಲ್ಲನ್ನು ತಾನೇ ತಡೆದಿರುವವನ ಹಾಗೆ ಫೋಟೊ ತೆಗೆಸಿಕೊಂಡ. ಭಾವ ಕಟ್ಟೆಯಿಂದ ಹಾರಿ ಬಂದು ಅವನನ್ನು ಕಾಲರಿಗೆ ಹಿಡಿದು ಈಚೆಗೆ ಎಳೆದು, ನೋಡುವವರ ಮುಂದೆಯೇ ಎಡಗೆನ್ನೆಗೆ ಬಿಗಿದ. ಆ ಕೈ ಕಲ್ಲು ಎತ್ತಿ ಬೆಳೆದ ಕೈ. ಏಟು ಕೆನ್ನೆಗೆ ಬೀಳುವ ಬದಲು ಕಿವಿಗೆ ಬಿತ್ತು. ಕಿವಿಯಿಂದ ರಕ್ತ ಬಂತು, ಆಮೇಲೆ ನೀರು ಬಂತು, ಆಮೇಲೆ ಆ ಕಿವಿಯಲ್ಲಿ ಏನೂ ಕೇಳಿಸದೇ ಹೋಯಿತು.

ತಪ್ಪು ತಮ್ಮನದೇ, ಅನುಮಾನ ಇಲ್ಲ. ಆದರೆ ಕಿವಿ ಹೋದವನಿಗೆ ನ್ಯಾಯ ಹೇಳಲು ಹೋಗುವ ಧೈರ್ಯ ಯಾರಿಗಿದೆ? ಭಾವನಿಗೋ ಒಳಗೊಳಗೇ ಜೀವ ಹಿಂಡುತ್ತಿತ್ತು. ಔಷಧಿ ಅಂಗಡಿಗೆ ತಾನೇ ಹೋಗಿ ಕಿವಿಗೆ ಹಾಕುವ ಹನಿ ತಂದು, "ನೀನೇ ತಂದೆ ಅಂತ ಕೊಡು" ಅಂತ ಹೆಂಡತಿಯ ಕೈಗೆ ತುರುಕಿದ. ತಪ್ಪಾಯಿತು ಅನ್ನುವ ಮಾತು ಮಾತ್ರ ಅವನ ಬಾಯಿಂದ ಹೊರಡಲಿಲ್ಲ. ಇಬ್ಬರಿಗೂ ಮಾತು ನಿಂತಿತು. ಆಡಬೇಕಾದ್ದನ್ನೆಲ್ಲ ಅಕ್ಕನ ಮೂಲಕ ಆಡುತ್ತಿದ್ದರು, ಅದೂ ಶೆಡ್ಡಿನಲ್ಲಿ ಅವಳ ಎಡಬಲಕ್ಕೆ ಕೂತು ಉಣ್ಣುವಾಗ.

"ಅಕ್ಕಾ, ನಿನ್ನ ಗಂಡನಿಗೆ ಹೇಳು, ನೀರಿನ ತಂಬಿಗೆ ಈ ಕಡೆ ತಳ್ಳಲಿ."

"ಲೇ, ನಿನ್ನ ತಮ್ಮನಿಗೆ ಹೇಳು, ಕೈ ಏನು ಮುರಿದಿಲ್ಲ ತಾನೇ, ಎದ್ದು ತಗೊಳ್ಳಲಿ."

"ಕೈ ಇನ್ನೂ ಮುರಿದಿಲ್ಲ, ಸದ್ಯಕ್ಕೆ ಕಿವಿ ಮಾತ್ರ ಅಂತ ಹೇಳಕ್ಕಾ."

ಅಕ್ಕ ತಂಬಿಗೆ ಎತ್ತಿ ಅರ್ಧ ನೀರು ಗಂಡನ ತಲೆಗೂ ಅರ್ಧ ತಮ್ಮನ ತಲೆಗೂ ಸುರಿದಳು. "ನಾನೇನು ನಿಮ್ಮಿಬ್ಬರ ಮಧ್ಯೆ ಟೆಲಿಫೋನ್ ತಂತಿನಾ?" ಅಂತ ಎದ್ದು ಹೋದಳು. ನಗುವ ವಿಷಯವೇ, ಆದರೆ ಅವಳಿಗೆ ನಗು ಬರುತ್ತಿರಲಿಲ್ಲ. ತಮ್ಮ ಅವಳೊಬ್ಬಳಿಗೇ ಹೇಳಿದ್ದ: "ನಿನ್ನ ಮುಖ ನೋಡ್ಕೊಂಡು ಸುಮ್ನಿದ್ದೀನಿ ಅಕ್ಕಾ. ಇನ್ನೊಂದು ಸಲ ನನ್ನ ಮೇಲೆ ಕೈ ಮಾಡಿದ್ರೆ ಹಾರೇಲಿ ಹೊಡೀತೀನಿ." ಗಂಡನೂ ಅವಳೊಬ್ಬಳಿಗೇ ಹೇಳಿದ್ದ: "ಅವನು ಹಾರೆ ಎತ್ತಿದ ದಿನ ಕತ್ತು ಹಿಸುಕಿ ಹಾಕ್ತೀನಿ, ಆಮೇಲೆ ನನ್ನನ್ನ ಅನ್ನಬೇಡ." ಇಬ್ಬರೂ ಹೇಳಿದ್ದನ್ನು ಮಾಡುವ ಪೈಕಿ. ಗೋಡೆಯ ಕೆಲಸ ಮುಗಿದು ಇಬ್ಬರೂ ಬೇರೆ ಬೇರೆ ಕಡೆ ಹೋಗುವವರೆಗೆ ಒಬ್ಬನ ಹೆಣ ಇನ್ನೊಬ್ಬನ ಕೈಯಲ್ಲಿ ಬೀಳದ ಹಾಗೆ ನೋಡಿಕೊಂಡರೆ ಸಾಕು ಅಂತ ಅವಳು ಎದೆಯಲ್ಲಿ ಕೆಂಡ ಇಟ್ಟುಕೊಂಡು ದಿನ ನೂಕುತ್ತಿದ್ದಳು.

ಅವಳಿಗೆ ಗೊತ್ತಿದ್ದ ಉಪಾಯ ಒಂದೇ, ಕೆಲಸ ನಿಲ್ಲಿಸದಿರುವುದು. ಟ್ರಾಲಿ ಓಡುತ್ತಿದ್ದಷ್ಟು ಹೊತ್ತು ಒಬ್ಬ ಕಟ್ಟೆಯ ಮೇಲೆ, ಇನ್ನೊಬ್ಬ ಕೆಳಗೆ. ನಡುವೆ ಕಡಿದಾದ ಇಳಿಜಾರು. ಟ್ರಾಲಿ ನಿಂತರೆ ಇಬ್ಬರೂ ಒಂದೇ ಶೆಡ್ಡಿಗೆ ಬಂದು ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಆ ದಿನ ಮುರಿದದ್ದು ಉರುಳೆಯ ಕೊಕ್ಕೆ. ಉರುಳೆಯ ಪಕ್ಕದ ಹಲ್ಲಿನ ಚಕ್ರಕ್ಕೆ ಆ ಕೊಕ್ಕೆ ಬಿದ್ದರೆ, ಸರಳನ್ನು ಯಾರೂ ಹಿಡಿಯದಿದ್ದರೂ ಟ್ರಾಲಿ ಇದ್ದಲ್ಲೇ ನಿಲ್ಲುತ್ತದೆ. ಅದು ಬೆಳಗ್ಗೆಯೇ ಟಣ್ಣೆಂದು ಎರಡು ತುಂಡಾಯಿತು. ಮೇಸ್ತ್ರಿ ತುಂಡುಗಳನ್ನು ಗೋಣಿಯಲ್ಲಿ ಸುತ್ತಿಕೊಂಡು, ವೆಲ್ಡಿಂಗ್ ಮಾಡಿಸಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ಯಾರೂ ಟ್ರಾಲಿ ಮುಟ್ಟಕೂಡದು ಅಂತ ಹೇಳಿ ಊರಿಗೆ ಇಳಿದ. ಆಳುಗಳು ಖುಷಿಯಾಗಿ ಗುಡ್ಡದ ಬೆನ್ನಿನ ನೆರಳಿಗೆ ಹೋಗಿ ಮಲಗಿದರು. ಭಾವ ಶೆಡ್ಡಿಗೆ ಬಂದ. ತಮ್ಮನೂ ಹಾರೆ ಹೆಗಲಿಗೆ ಹಾಕಿಕೊಂಡು ಮೇಲಕ್ಕೆ ಹತ್ತಿ ಬರತೊಡಗಿದ್ದು ಅಕ್ಕನಿಗೆ ಕಾಣಿಸಿತು.

"ರೀ, ಗೂಟಕ್ಕೆ ಸರಪಳಿ ಹಾಕಿದ ಒಂದು ಟ್ರಾಲಿ ತುಂಬಿ ನಿಂತಿದೆಯಲ್ಲ, ಅದನ್ನ ಇಳಿಸೋಣ" ಅಂದಳು.

ಭಾವ ಅವಳ ಮುಖ ನೋಡಿದ. "ಕೊಕ್ಕೆ ಇಲ್ಲ ಕಣೇ."

"ಕೊಕ್ಕೆ ಇಲ್ಲದಿದ್ರೆ ಏನಾಯ್ತು, ನನ್ನ ತೋಳಿಲ್ವಾ? ಮೇಸ್ತ್ರಿ ಬರೋಷ್ಟರಲ್ಲಿ ಅದು ಕೆಳಗಿರುತ್ತೆ."

ಅವನಿಗೆ ಆ ಮಾತು ಇಷ್ಟವಾಯಿತು. ಹೆಂಡತಿಯ ತೋಳಿನ ಮೇಲೆ ಅವನಿಗೆ ಬಹಳ ನಂಬಿಕೆ, ಆ ತೋಳಿನ ರುಚಿ ಅವನಿಗೇ ಚೆನ್ನಾಗಿ ಗೊತ್ತಿತ್ತು. ಅಕ್ಕ ಕಂಬಿಯಿಂದ ಬಗ್ಗಿ, "ಬರಬೇಡ ಕಣೋ, ಕಲ್ಲು ಬರ್ತಿದೆ, ಕೆಳಗೇ ಇರು" ಅಂತ ತಮ್ಮನಿಗೆ ಕೈಸನ್ನೆ ಮಾಡಿದಳು. ಅವನು ಗೊಣಗಿಕೊಂಡು ತಿರುಗಿ ಇಳಿದ. ಅಕ್ಕ ಸೆರಗು ಬಿಗಿದು ಸರಳಿಗೆ ಎದೆ ಕೊಟ್ಟು ನಿಂತಳು. ಭಾವ ಟ್ರಾಲಿಯ ಸರಪಳಿ ಕಳಚಿ, ಕಟ್ಟೆಗೆ ಹೋಗಿ ನಿಂತ.

"ಬಿಡು!" ಅಂತ ಭಾವ ಕೂಗಿದ. ಟ್ರಾಲಿ ಗರಗರ ಅನ್ನುತ್ತಾ ಇಳಿಯತೊಡಗಿತು. ಹೆಬ್ಬಾಗಿಲಿನ ಹೊಸ್ತಿಲಿಗೆ ಅಂತ ಕಡಿದ ಒಂದೇ ಉದ್ದನೆಯ ಕಲ್ಲು ಅದರ ಮೇಲಿತ್ತು. ಕಟ್ಟೆಯ ಸಮೀಪ ಬರುವಾಗ ಭಾವ "ಹಿಡಿ!" ಅಂದ, ಅವಳು ಹಿಡಿದಳು. ಯಾಕೆ ನಿಲ್ಲಿಸಿದ ಅಂತ ನೋಡಿದರೆ, ಕೆಳಗೆ ತಮ್ಮ ಹಳಿಯ ಮೇಲೆಯೇ ಕೂತು ಬೀಡಿ ಹಚ್ಚುತ್ತಿದ್ದ. ಎಡಗಿವಿ ಗುಡ್ಡದ ಕಡೆಗೆ, ಬಲಗಿವಿ ಊರಿನ ಕಡೆಗೆ.

"ಏಯ್, ಹಳಿಯಿಂದ ಏಳು!" ಭಾವ ಕೂಗಿದ. ವಾರಗಟ್ಟಲೆ ಆದ ಮೇಲೆ ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ತಮ್ಮ ಹೊಗೆ ಬಿಟ್ಟ. "ಏಳೋ ಲೇ, ಕಿವಿ ಕೇಳಲ್ವಾ?" ಅಂತ ಇನ್ನೊಮ್ಮೆ ಕೂಗಿದ. ಕಿವಿ ಕೇಳುವುದಿಲ್ಲ ಅನ್ನುವುದು ಕೂಗಿದವನಿಗೇ ನೆನಪಿರಲಿಲ್ಲ. ಬೇಕಂತಲೇ ಕೂತಿದ್ದಾನೆ ಅಂದುಕೊಂಡ. ಬಗ್ಗಿ ಒಂದು ಕಲ್ಲು ಎತ್ತಿ ಬೀಸಿದ. ಅವನ ಪಕ್ಕ ಬೀಳಲಿ ಅಂತಲೇ ಬೀಸಿದ್ದು, ಆದರೆ ಇಳಿಜಾರಿನಲ್ಲಿ ಬೀಸಿದ ಕಲ್ಲು ಬೀಸಿದವನ ಮಾತು ಕೇಳುವುದಿಲ್ಲ. ಅದು ತಮ್ಮನ ನೆತ್ತಿಗೆ ಬಡಿಯಿತು.

ತಮ್ಮ ತಲೆ ಮುಟ್ಟಿಕೊಂಡು ಕೈ ನೋಡಿದ. ಕೈಯಲ್ಲಿ ರಕ್ತ. ತಿರುಗಿ ಮೇಲೆ ನೋಡಿದ. ಕಟ್ಟೆಯ ಮೇಲೆ ಭಾವ ಕೈ ಎತ್ತಿಕೊಂಡು ನಿಂತಿದ್ದ. ಬೀಡಿ ಎಸೆದು, ಹಾರೆ ಎತ್ತಿಕೊಂಡು, ಹಳಿಗಳ ನಡುವೆಯೇ ದಡದಡ ಹತ್ತತೊಡಗಿದ.

"ಅವನಿಗೆ ಕೇಳಿಸಿಲ್ಲ ರೀ! ಕೇಳಿಸಿಲ್ಲ!" ಅಕ್ಕ ಮೇಲಿಂದ ಅರಚಿದಳು. "ತಮ್ಮಾ, ನಿಲ್ಲೋ! ನನ್ನಾಣೆ ನಿಲ್ಲೋ!" ಒಬ್ಬನಿಗೆ ಕೇಳಿಸಲಿಲ್ಲ, ಇನ್ನೊಬ್ಬನಿಗೆ ಬೇಕಾಗಿರಲಿಲ್ಲ. ಭಾವ ಕಟ್ಟೆಯಿಂದ ಧುಮುಕಿ, ನಿಂತಿದ್ದ ಟ್ರಾಲಿಯನ್ನು ಸುತ್ತಿ ಕೆಳಕ್ಕೆ ಬಂದು ಎದುರಾದ.

ತಮ್ಮ ಮಾತಿಲ್ಲದೆ ಹಾರೆ ಬೀಸಿದ. ಅದು ಭಾವನ ಹೆಗಲಿಗೆ ಬಿದ್ದ ಶಬ್ದ, ಒಣಕಟ್ಟಿಗೆ ಮುರಿದ ಹಾಗೆ, ಮೇಲೆ ಕಂಬಿಯ ಹತ್ತಿರ ನಿಂತವರಿಗೂ ಕೇಳಿಸಿತು. ಭಾವನ ಎಡತೋಳು ಜೋತುಬಿತ್ತು. ಎರಡನೇ ಏಟಿಗೆ ತಮ್ಮ ಹಾರೆ ಎತ್ತುವಷ್ಟರಲ್ಲಿ ಭಾವ ತಲೆ ತಗ್ಗಿಸಿ ನುಗ್ಗಿ ಅವನ ಮುಖಕ್ಕೆ ಹಾಯ್ದ. ಮೂಗು ಒಡೆಯಿತು. ಹಾರೆ ಹಾರಿ ಹಳಿಗೆ ಬಡಿದು, ಠಣಠಣ ಅನ್ನುತ್ತಾ ಇಳಿಜಾರಿಗೆ ಉರುಳಿಹೋಯಿತು. ಆಮೇಲೆ ಇಬ್ಬರೂ ಬರಿಗೈಯಲ್ಲಿ, ಮೊಣಕಾಲಲ್ಲಿ, ಹಲ್ಲಲ್ಲಿ ಹೊಡೆದಾಡಿದರು. ತಮ್ಮ ಭಾವನ ಮುರಿದ ಹೆಗಲಿಗೇ ಗುರಿಯಿಟ್ಟು ಗುದ್ದುತ್ತಿದ್ದ, ಭಾವ ಪ್ರತಿ ಗುದ್ದಿಗೂ ಗಂಟಲು ಹರಿಯುವ ಹಾಗೆ ಕೂಗಿ ಅವನ ತಲೆಗೂದಲು ಹಿಡಿದು ಹಳಿಗೆ ಜಜ್ಜಲು ನೋಡುತ್ತಿದ್ದ. ಜಲ್ಲಿಯ ಮೇಲೆಲ್ಲ ರಕ್ತ ಚಿಮ್ಮಿತ್ತು.

ಅಕ್ಕ ಸರಳು ಹಿಡಿದು ನಿಂತಿದ್ದಳು. ಅವಳು ಓಡಿದರೆ ಆ ಕಲ್ಲು ಅವರಿಬ್ಬರ ಮೇಲೆ ಹೋಗುತ್ತದೆ. ಓಡದಿದ್ದರೆ ಒಬ್ಬ ಇನ್ನೊಬ್ಬನನ್ನು ಅವಳ ಕಣ್ಣೆದುರೇ ಕೊಲ್ಲುತ್ತಾನೆ.

"ಯಾರಾದ್ರೂ ಹೋಗ್ರಪ್ಪಾ! ಗಂಡಸರು ಯಾರೂ ಇಲ್ವೇನ್ರೋ!"

ಕಂಬಿಯ ಹತ್ತಿರ ಜನ ಇದ್ದರು, ಬೇಕಾದಷ್ಟು. ಅಷ್ಟೂ ಮಂದಿಯ ಕೈಯಲ್ಲಿ ಫೋನು. ಗೈಡ್ ಆಗತಾನೇ ಹಳೆಯ ಕಾಲದ ಯುದ್ಧದ ಕಥೆ ಹೇಳಿ ಮುಗಿಸಿದ್ದ. "ಇದೂ ಪ್ರೋಗ್ರಾಮಿನಲ್ಲಿ ಸೇರಿದೆ ಅನ್ಸುತ್ತೆ, ಎಷ್ಟು ನಿಜ ಥರ ಮಾಡ್ತಾರೆ ನೋಡಿ" ಅಂದಳು ಒಬ್ಬ ಹೆಂಗಸು. ಅಕ್ಕ ಅವಳ ವಂಶವನ್ನೆಲ್ಲ ಎತ್ತಿ ಬೈದಳು. ಅಂಥ ಬೈಗುಳ ಕೇಳಿದ ಮೇಲೆ ಇದು ಆಟವಲ್ಲ ಅಂತ ಜನಕ್ಕೆ ತಿಳಿಯಿತು, ತಿಳಿದ ಕೂಡಲೇ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಒಬ್ಬ ಮಾತ್ರ ಮುಂದೆ ಬಂದ. ದಪ್ಪ ಮನುಷ್ಯ, ತಲೆಗೆ ಬಿಸಿಲಿನ ಟೋಪಿ, ಕುತ್ತಿಗೆಯಲ್ಲಿ ಕ್ಯಾಮೆರಾ.

"ಜಗಳ ಬಿಡಿಸೋದು ನನ್ನ ಕೈಲಾಗಲ್ಲಮ್ಮ. ಇದನ್ನ ಬೇಕಾದ್ರೆ ಹಿಡ್ಕೋತೀನಿ, ನೀವು ಹೋಗಿ" ಅಂದ.

ಅಕ್ಕ ಅವನ ತೋಳು ನೋಡಿದಳು, ಮೈ ನೋಡಿದಳು. ಭಾರ ಸಾಕು. "ಬನ್ನಿ. ಎದೆ ಕೊಟ್ಟು ಒತ್ತಿ. ಇನ್ನೂ ಒತ್ತಿ. ಕಾಲು ಆ ಕಲ್ಲಿಗೆ ಕೊಡಿ." ಅವಳು ನಿಧಾನವಾಗಿ ತನ್ನ ಭಾರ ತೆಗೆದಳು. ಉರುಳೆ ಮಿಸುಕಲಿಲ್ಲ. ಟೋಪಿಯವನ ಮುಖ ಕೆಂಪಾಯಿತು, ಆದರೆ ಸರಳು ಅಲ್ಲಾಡಲಿಲ್ಲ. ಅವಳು ಅವನ ಕಿವಿಗೆ ಬಾಯಿಟ್ಟಳು. "ನಾನು 'ಬಿಡು' ಅನ್ನೋವರೆಗೆ ಜಪ್ಪಯ್ಯ ಅಂದ್ರೂ ಬಿಡಬೇಡಿ."

"ಇಲ್ಲಮ್ಮ, ನೀವು ಬಿಡು ಅಂದಾಗಲೇ" ಅಂದ ಆ ಒಳ್ಳೆಯ ಮನುಷ್ಯ.

ಅವಳು ಇಳಿಜಾರಿನಲ್ಲಿ ಬಿದ್ದು, ಎದ್ದು, ಜಾರಿ ಓಡಿದಳು. ಅವಳು ಬಂದು ಮುಟ್ಟುವಷ್ಟರಲ್ಲಿ ಜಗಳ ಮುಗಿಯುವ ಹಂತಕ್ಕೆ ಬಂದಿತ್ತು. ತಮ್ಮ ಹಳಿಯ ಆಚೆಗೆ ಜಲ್ಲಿಯ ಮೇಲೆ ಉದ್ದಕ್ಕೆ ಬಿದ್ದಿದ್ದ. ಭಾವ ಹಳಿಗಳ ನಡುವೆ ಮಂಡಿಯೂರಿ, ಟ್ರಾಲಿಗೆ ಬೆನ್ನು ಮಾಡಿ ಅವನ ಮೇಲೆ ಬಗ್ಗಿ, ನೆಟ್ಟಗಿದ್ದ ಒಂದೇ ಕೈಯಲ್ಲಿ ಅವನ ಕತ್ತು ಅದುಮಿದ್ದ. ಒಂದು ಕೈಯಾದರೇನು, ಇಡೀ ಮೈಭಾರ ಅದರ ಮೇಲಿತ್ತು. ತಮ್ಮನ ಮುಖ ನೀಲಿಗಟ್ಟಿತ್ತು, ಹಿಮ್ಮಡಿ ಜಲ್ಲಿಯನ್ನು ಒದೆಯುತ್ತಿತ್ತು.

"ಸಾಕು ರೀ! ಕೈ ತೆಗೀರಿ! ಸತ್ತೇ ಹೋಗ್ತಾನೆ, ಕೈ ತೆಗೀರಿ!"

ಭಾವನಿಗೆ ಲೋಕದ ಪರಿವೆ ಇರಲಿಲ್ಲ. ಅವಳು ಅವನ ಬೆನ್ನಿಗೆ ಗುದ್ದಿದಳು, ಮುರಿದ ಹೆಗಲಿಗೇ ಗುದ್ದಿದಳು. ಅವನು ಕೂಗಿದ, ಆದರೆ ಕೈ ಸಡಿಲಿಸಲಿಲ್ಲ. ಬಗ್ಗಿ ಅವನ ಮಣಿಕಟ್ಟು ಕಚ್ಚಿದಳು, ಬಾಯಿಗೆ ರಕ್ತ ಬಂತು. "ಬಿಡಿ ರೀ! ಬಿಡಿ!" ಅಂತ ಅರಚಿದಳು. ಮೇಲೆ ಟೋಪಿಯವನಿಗೆ ಅದು 'ಹಿಡಿ, ಹಿಡಿ' ಅಂತ ಕೇಳಿಸಿ ಅವನು ಇನ್ನಷ್ಟು ಬಲವಾಗಿ ಒತ್ತಿದ. ತಮ್ಮನ ಹಿಮ್ಮಡಿ ಒದೆಯುವುದು ನಿಂತಿತು.

ಆಗ ಅವಳ ಬಾಯಿಂದ ಆ ಮಾತು ಬಂತು. ಎಷ್ಟೋ ವರ್ಷದ ಮರ್ಯಾದೆ, ಎಷ್ಟೋ ದಿನದ ಕಟ್ಟುಪಾಡು ಎರಡೂ ಒಟ್ಟಿಗೇ ಕಿತ್ತುಹೋದವು. ಸರಳು ಹಿಡಿದು ನಿಂತಿದ್ದರೆ ಅವಳ ನಾಲಿಗೆಗೆ ಕಾವಲಿರುತ್ತಿತ್ತೋ ಏನೋ. ಇಲ್ಲಿ ಅವಳ ಕೈಯಲ್ಲಿ ಸರಳು ಇರಲಿಲ್ಲ, ಸಾಯುತ್ತಿದ್ದ ತಮ್ಮನ ಕಾಲಿತ್ತು.

"ಬಿಡು! ಬಿಡು ಅವನನ್ನ! ಬಿಡೂ!"

ಭಾವ ಥಟ್ಟನೆ ತಲೆಯೆತ್ತಿದ. ಅವಳ ಗುದ್ದಿಗೆ, ಕಚ್ಚಿದ್ದಕ್ಕೆ ಬಗ್ಗದವನು ಈ ಒಂದು ಮಾತಿಗೆ ಬೆಚ್ಚಿಬಿದ್ದ. ತನ್ನನ್ನು ಏಕವಚನದಲ್ಲಿ ಕೂಗಿದವಳು ಯಾರು ಅನ್ನುವ ಹಾಗೆ ಹೆಂಡತಿಯ ಮುಖವನ್ನೇ ನೋಡಿದ. ಸಿಟ್ಟೆಲ್ಲ ಜರ್ರನೆ ಇಳಿದುಹೋಗಿ, ಬರೀ ಗಾಬರಿ ಉಳಿದ ಮುಖ. ಕೈ ಸಡಿಲಾಯಿತು. "ಏನಂದೆ?" ಅಂದ. ಸಣ್ಣ ದನಿಯಲ್ಲಿ ಕೇಳಿದ, ಜಗಳಕ್ಕೆ ಕೇಳಿದ್ದಲ್ಲ.

ಅವಳ ಮಾತಿಗೆ ಇಬ್ಬರೂ ಬಿಟ್ಟಿದ್ದರು, ಕೆಳಗೆ ಭಾವ, ಮೇಲೆ ಟೋಪಿಯವನು. ಹಗ್ಗ ಗಾಳಿಯನ್ನು ಸೀಳುವ ಶಬ್ದ ಅವಳಿಗೆ ಮೊದಲು ಕೇಳಿಸಿತು, ಆ ಶಬ್ದ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. 'ಹಿಡಿ' ಅನ್ನಲು ಬಾಯಿ ತೆರೆಯುವಷ್ಟೂ ಸಮಯ ಇರಲಿಲ್ಲ. ಭಾವನಿಗೆ ಕೇಳಿಸಲೇ ಇಲ್ಲವೇನೋ, ಅವನು ಇನ್ನೂ ಅವಳನ್ನೇ ನೋಡುತ್ತಿದ್ದ. ಟ್ರಾಲಿ ಅವನನ್ನು ಬೆನ್ನಿನ ಮೇಲೆ ಹೊಡೆದು ಅಡಿಗೆ ಎಳೆದುಕೊಂಡಿತು. ಒಂದು ಚಕ್ರ ಹಳಿಯಿಂದ ಮೇಲೆದ್ದು ಮತ್ತೆ ಹಳಿಗೆ ಕೂತಿತು. ಕೆಳಗಿನ ತಡೆಗೋಡೆಗೆ ಟ್ರಾಲಿ ಬಡಿದಾಗ ಹೊಸ್ತಿಲಿನ ಕಲ್ಲು ಎಗರಿ, ನಡುವೆ ಮುರಿದು, ಇಳಿಸಿಟ್ಟ ಕಲ್ಲುಗಳ ರಾಶಿಯ ಮೇಲೆ ಬಿತ್ತು. ಮೇಲೆ ಜನ ಕಿರಿಚಿದರು.

ಭಾವ ಹಳಿಯ ಮೇಲೆ ಅರ್ಧ, ಹಳಿಯಾಚೆ ಅರ್ಧ ಇದ್ದ. ಅಕ್ಕ ಅವನ ಹತ್ತಿರ ಹೋಗಿ ಕೂತು, ಎರಡೂ ಕೈಯಲ್ಲಿ ಅವನ ಎದೆಯನ್ನು ಸೇರಿಸಿ ಒತ್ತಿ ಹಿಡಿದಳು. ರಕ್ತ ಬೆರಳಿನ ಸಂದಿಯಿಂದ ಉಕ್ಕಿ ಬರುತ್ತಲೇ ಇತ್ತು. ಅವಳು ಬಹಳ ಹೊತ್ತು ಹಿಡಿದಳು. ಹಿಡಿಯುವುದೊಂದೇ ಅವಳಿಗೆ ಗೊತ್ತಿದ್ದ ಕೆಲಸ.

ಟೋಪಿಯವನು ಇಳಿಜಾರಿನಲ್ಲಿ ಬೀಳುತ್ತಾ ಏಳುತ್ತಾ ಬಂದ. ಟೋಪಿ ಎಲ್ಲೋ ಬಿದ್ದುಹೋಗಿತ್ತು. ನೋಡಿದ ಕೂಡಲೇ ಅಲ್ಲೇ ಕುಸಿದು ಕೂತ. "ನೀವೇ ಅಂದ್ರಲ್ಲಮ್ಮ" ಅಂದ. "ಬಿಡು ಅಂದ್ರಿ. ಮೂರು ಸಲ ಅಂದ್ರಿ. ನಾನಾಗಿ ಬಿಡಲಿಲ್ಲಮ್ಮ, ದೇವರಾಣೆ. ಹೇಳಿ, ನೀವೇ ಅಲ್ವಾ ಅಂದಿದ್ದು?"

ಸುಳ್ಳು ಹೇಳಬಹುದಿತ್ತು. ಹೆದರಿ ಕೈಬಿಟ್ಟ ಅಂದಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಅಕ್ಕ ಗಂಡನ ಎದೆಯಿಂದ ಕೈ ತೆಗೆಯದೆ, "ಹೌದು, ನಾನೇ ಅಂದೆ. ನಿಮ್ಮ ತಪ್ಪೇನಿಲ್ಲ" ಅಂದಳು.

ತಮ್ಮ ಆ ಹೊತ್ತಿಗೆ ಎದ್ದು ಕೂತಿದ್ದ. ಕತ್ತಿನಲ್ಲಿ ಐದು ಬೆರಳೂ ಮೂಡಿದ್ದವು. ಮೊದಲು ಭಾವನನ್ನು ನೋಡಿದ, ಆಮೇಲೆ ಟೋಪಿಯವನನ್ನು ನೋಡಿದ, ಆಮೇಲೆ ಅಕ್ಕನನ್ನು ನೋಡಿದ. ಏನೋ ಲೆಕ್ಕ ಕೂಡಿಸಿದ. ಅಂಬೆಗಾಲಿನಲ್ಲಿ ಹಳಿ ದಾಟಿ ಬಂದು ಅವಳ ಪಕ್ಕಕ್ಕೆ ಅಂಟಿಕೊಂಡು ಕೂತ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ನನಗೋಸ್ಕರ ಅಲ್ವಾ ಅಕ್ಕಾ?" ಹಿಸುಕಿದ ಗಂಟಲಿನಿಂದ ಪಿಸುಗುಟ್ಟಿದ. "ನಾನು ಸಾಯ್ತೀನಿ ಅಂತ ತಾನೇ ಟ್ರಾಲಿ ಬಿಡಿಸಿದೆ? ಯಾರಿಗೂ ಹೇಳಲ್ಲ ನಾನು. ಪೊಲೀಸ್ನೋರು ಚರ್ಮ ಸುಲಿದ್ರೂ ಹೇಳಲ್ಲ. ಇರೋವರೆಗೂ ನಿನ್ನನ್ನ ನಾನು ಸಾಕ್ತೀನಿ ಅಕ್ಕಾ."

ಅಕ್ಕ ತಿರುಗಿ ಅವನನ್ನು ನೋಡಿದಳು. ಅಲ್ಲ ಕಣೋ ಅಂತ ಹೇಳಬೇಕು. ಅವರ ಕೈ ಬಿಡಿಸೋದಕ್ಕೆ ಅಂದದ್ದು, ಅವರನ್ನ ಕೊಲ್ಲೋದಕ್ಕೆ ಅಲ್ಲ ಅಂತ ಹೇಳಬೇಕು. ಆದರೆ ಆ ಮುಖದಲ್ಲಿ ಇದ್ದ ಕೃತಜ್ಞತೆ ಯಾವ ಮಾತಿಗೂ ಕರಗುವಂಥದ್ದಾಗಿರಲಿಲ್ಲ. ಇವನು ಬದುಕಿರುವಷ್ಟು ದಿನ ಇದನ್ನೇ ನಂಬುತ್ತಾನೆ. ಇವನು ನಂಬಿದ್ದನ್ನೇ ಊರೂ ನಂಬುತ್ತದೆ. ಗಂಡನೂ ಇದನ್ನೇ ನಂಬಿಕೊಂಡು ಹೋದನೋ ಏನೋ, ಕೇಳೋಣ ಅಂದರೆ ಅವನಿಲ್ಲ.

ಅವಳು ರಕ್ತದ ಕೈಯನ್ನೇ ಮುಷ್ಟಿ ಮಾಡಿ ತಮ್ಮನ ಮುಖಕ್ಕೆ ಗುದ್ದಿದಳು. ಒಡೆದ ಮೂಗಿಗೆ ಗುದ್ದಿದಳು, ಬಾಯಿಗೆ ಗುದ್ದಿದಳು, ಅವನು ಮಗ್ಗುಲಿಗೆ ಬಿದ್ದ ಮೇಲೆ ಬೆನ್ನಿಗೆ, ಪಕ್ಕೆಗೆ, ಸಿಕ್ಕಲ್ಲೆಲ್ಲ ಗುದ್ದಿದಳು. ಗುದ್ದುತ್ತಾ ಏನೇನೋ ಅರಚುತ್ತಿದ್ದಳು, ಅದರಲ್ಲಿ ಒಂದು ಮಾತೂ ಯಾರಿಗೂ ಅರ್ಥವಾಗುವಂತಿರಲಿಲ್ಲ. ಗುಡ್ಡದ ಬೆನ್ನಿನಿಂದ ಆಳುಗಳು ಓಡಿ ಬಂದು ಸುತ್ತ ನಿಂತರು, ಹತ್ತಿರ ಬರುವ ಧೈರ್ಯ ಯಾರಿಗೂ ಆಗಲಿಲ್ಲ. ತಮ್ಮ ತಪ್ಪಿಸಿಕೊಳ್ಳಲಿಲ್ಲ, ಕೈ ಕೂಡ ಅಡ್ಡ ಹಿಡಿಯಲಿಲ್ಲ. ಅಕ್ಕ ಪ್ರೀತಿಗೆ ಹೊಡೆಯುತ್ತಿದ್ದಾಳೆ ಅಂದುಕೊಂಡು ಸುಮ್ಮನೆ ಬಿದ್ದಿದ್ದ.